ವೈದ್ಯನ ಕಾಯಕಕ್ಕೂ ಅಳತೆಯುಂಟು

(ಹಲಸೂರಿನಲ್ಲಿ ಶಸ್ತ್ರವೈದ್ಯ ಶಿಕ್ಷಣ ಪಡೆಯುತ್ತಿರುವ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು ಮತ್ತು ಭಕ್ತರು ಸೇರಿದ್ದ ಸಭೆಯಲ್ಲಿ ದಯಪಾಲಿಸಿದ ಪ್ರವಚನ)



ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಈ ಎಲ್ಲ ಕಡೆಗಳಿಂದ ತಾವು ಬಂದು ಸೇರಿದ್ದೀರಿ. ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳಲ್ಲಿ ಇಬ್ಬರು ಮೂವರು ಆಗಲೇ ತೂಕಡಿಸುತ್ತಿದ್ದಾರೆ. ಯಾರೂ ಅವರನ್ನು ಎಬ್ಬಿಸಬೇಡಿ. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು ನೇರವಾಗಿ ಇಲ್ಲಿಗೆ ಬಂದವರು ಅವರು. ನಮ್ಮ ಮಾತಿಗಿಂತ ಆ ನಿದ್ರೆಯೇ ಅವರಿಗೆ ದೊಡ್ಡ ಪ್ರಸಾದ.

ಈ ಸಭೆಯನ್ನು ಏರ್ಪಡಿಸಿದ ಭಕ್ತರು ನಮ್ಮಲ್ಲಿ ಒಂದು ಬೇಡಿಕೆ ಇಟ್ಟರು. 'ಬುದ್ಧಿ, ಈ ಮಕ್ಕಳು ಬಹಳ ಬಳಲಿದ್ದಾರೆ. ಒಂದಿಷ್ಟು ಧೈರ್ಯ ಹೇಳಿ' ಎಂದರು. ಧೈರ್ಯ ಹೇಳುವುದು ಬಹಳ ಸುಲಭ, ಶರಣರೇ. ಎತ್ತರದ ಆಸನದ ಮೇಲೆ ಕುಳಿತವನಿಗಂತೂ ಇನ್ನೂ ಸುಲಭ. ಆದರೆ ಹಾಗೆ ಧೈರ್ಯ ಹೇಳಲು ಹೋಗಿ ನಾವೇ ಒಮ್ಮೆ ತಪ್ಪು ಮಾಡಿದ್ದೇವೆ. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡ ಮೇಲೆಯೇ ಉಳಿದ ಮಾತು.

ಕೆಲವು ವರ್ಷಗಳ ಹಿಂದೆ, ನಮ್ಮ ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿ, ಎಂ.ಬಿ.ಬಿ.ಎಸ್. ಮುಗಿಸಿ, ಶಸ್ತ್ರಚಿಕಿತ್ಸೆಯ ಎಂ.ಎಸ್. ತರಗತಿಗೆ ಸೇರಿದ್ದ ಒಬ್ಬ ಹುಡುಗ ತಂದೆಯೊಡನೆ ಮಠಕ್ಕೆ ಬಂದ. ತಂದೆ ಒಕ್ಕಲು ಮಾಡುವವರು. ಎರಡು ಎಕರೆ ರಾಗಿ ಹೊಲ, ನಾಲ್ಕು ತೆಂಗಿನ ಮರ. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಇಂಥದು ಎಲ್ಲ ಕಡೆಯೂ ಇರುವ ಸಂಗತಿ. ಹುಡುಗ ನಮಸ್ಕಾರ ಮಾಡಿ ಎದ್ದವನು ಗೋಡೆಗೆ ಒರಗಿಯೇ ನಿಂತ. ಕಣ್ಣು ಕೆಂಪಾಗಿತ್ತು. ಪಾದ ಊದಿ ಚಪ್ಪಲಿಯ ಪಟ್ಟಿ ಅದರಲ್ಲಿ ಹೂತಿತ್ತು. ತಂದೆ ಹೇಳಿದರು: 'ಬುದ್ಧಿ, ಇವನು ಓದು ಬಿಟ್ಟುಬಿಡ್ತೀನಿ ಅಂತಾನೆ. ಊರಿನವರೆಲ್ಲ ಡಾಕ್ಟರು ಅಂತ ಕರೀತಾರೆ. ತಾವೇ ಒಂದು ಮಾತು ಹೇಳ್ಬೇಕು.' ನಾವು ಹುಡುಗನನ್ನು ಕೇಳಿದೆವು. ಅವನು ಹೇಳಿದ್ದು ಇಷ್ಟೇ: 'ನಿದ್ದೆಗೆ ಹೊತ್ತಿಲ್ಲ ಬುದ್ಧಿ. ಹೊತ್ತು ಸಿಕ್ಕಿದಾಗ ನಿದ್ದೆ ಬರೋದಿಲ್ಲ.'

ಆಗ ನಾವು ಏನು ಮಾಡಿದೆವು? ನುಲಿಯ ಚಂದಯ್ಯನವರ ಕಥೆ ಹೇಳಿದೆವು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು, ಆದರೂ ಶರಣ ಕೆಲಸ ನಿಲ್ಲಿಸಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂತು, ಕಾಯಕ ಅಷ್ಟು ದೊಡ್ಡದು ಎಂದೆವು. ತಾಳಿದವನು ಬಾಳಿಯಾನು ಎಂದೆವು. ಹಣೆಗೆ ವಿಭೂತಿ ಹಚ್ಚಿ ಕಳಿಸಿದೆವು. ತಂದೆಗೆ ಬಹಳ ಸಮಾಧಾನವಾಯಿತು. ನಮಗೂ ಒಳ್ಳೆಯ ಮಾತು ಹೇಳಿದೆವೆಂಬ ತೃಪ್ತಿ.

ಆರು ವಾರ ಕಳೆಯಿತು. ಒಂದು ರಾತ್ರಿ ಆ ಹುಡುಗ ವಾರ್ಡಿನಿಂದ ಹೊರಗೆ ಬಂದವನು ಮರಳಿ ಹೋಗಲಿಲ್ಲ. ಇಲ್ಲಿಯೇ, ಈ ಹಲಸೂರು ಕೆರೆಯ ಬೇಲಿಯ ಪಕ್ಕದಲ್ಲಿ ಬೆಳಗಿನ ಜಾವದವರೆಗೆ ಒಬ್ಬನೇ ಕುಳಿತಿದ್ದ. ಅವನ ಮನಸ್ಸು ಎಲ್ಲಿಗೆ ಹೋಗಿತ್ತು ಎಂಬುದನ್ನು ನಾವು ವಿಸ್ತರಿಸುವುದಿಲ್ಲ, ತಾಯಂದಿರಿಗೆ ಅರ್ಥವಾಗುತ್ತದೆ. ಅವನನ್ನು ಹುಡುಕಿಕೊಂಡು ಬಂದವನು ಜೊತೆಯಲ್ಲಿ ಓದುವ ಹುಡುಗ, ಶಿವಾಜಿನಗರದ ಒಂದು ಮುಸಲ್ಮಾನ ಮನೆತನದವನು. ಅವನು ಯಾವ ಉಪದೇಶವನ್ನೂ ಮಾಡಲಿಲ್ಲ. ಪಕ್ಕದಲ್ಲಿ ಕುಳಿತ. ಬೆಳಕು ಹರಿದ ಮೇಲೆ ಚಹಾ ಕುಡಿಸಿದ. ತನ್ನ ಮನೆಗೆ ಕರೆದುಕೊಂಡು ಹೋಗಿ, ತಾಯಿಯ ಕೈಯಿಂದ ಊಟ ಬಡಿಸಿ, ಮಲಗಿಸಿ, ಅವನ ಪಾಳಿಯನ್ನು ತಾನು ಹೊತ್ತುಕೊಂಡು ಆಸ್ಪತ್ರೆಗೆ ಹೋದ. ಎರಡು ದಿನದ ಮೇಲೆ ಅವನೇ ತಮ್ಮ ಮೇಲಿನ ಪ್ರಾಧ್ಯಾಪಕರ ಮುಂದೆ ನಿಂತು ಎಲ್ಲವನ್ನೂ ಹೇಳಿದ.

ಆಮೇಲೆ ಹುಡುಗ ನಮ್ಮಲ್ಲಿಗೆ ಬಂದು ಹೇಳಿದ ಒಂದು ಮಾತನ್ನು ನಾವು ಇಂದಿಗೂ ಮರೆತಿಲ್ಲ. 'ಬುದ್ಧಿ, ಅವತ್ತು ತಾವು ಹಾಗೆ ಹೇಳಿದ ಮೇಲೆ, ದಣಿವಾಗಿದೆ ಅಂತ ಯಾರ ಹತ್ತಿರ ಹೇಳಿಕೊಳ್ಳೋಕೂ ನಾಚಿಕೆಯಾಯ್ತು. ನನ್ನ ಭಕ್ತಿಯೇ ಕಡಿಮೆ ಅಂತ ತಿಳಿದೆ.'

ನೋಡಿದಿರಾ! ಔಷಧವೆಂದು ನಾವು ಕೊಟ್ಟ ಮಾತು ಆ ಮಗುವಿನ ಬಾಯಿಗೆ ಬೀಗ ಹಾಕಿತ್ತು. ಅಂದಿನಿಂದ ನಾವು ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಸ್ವಲ್ಪ ಅರಿತುಕೊಂಡಿದ್ದೇವೆ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಈ ಮಕ್ಕಳ ದಿನಚರಿ ಏನೆಂದು ಭಕ್ತರು ತಿಳಿಯಬೇಕು. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಆಸ್ಪತ್ರೆಯ ಸೇವೆ, ಅನಂತರ ಮೂರು ವರ್ಷ ಎಂ.ಎಸ್. ಈ ಮೂರು ವರ್ಷ ಅವನು ವಿದ್ಯಾರ್ಥಿಯೂ ಹೌದು, ಆಸ್ಪತ್ರೆಯ ದುಡಿಮೆಗಾರನೂ ಹೌದು. ಬೆಳಗ್ಗೆ ಊರು ಏಳುವ ಮೊದಲೇ ವಾರ್ಡಿಗೆ ಹೋಗಬೇಕು. ಗಾಯ ತೊಳೆದು ಕಟ್ಟಬೇಕು, ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು, ದೊಡ್ಡ ವೈದ್ಯರು ಬರುವ ಹೊತ್ತಿಗೆ ಒಬ್ಬೊಬ್ಬ ರೋಗಿಯ ವಿವರವನ್ನೂ ಒಪ್ಪಿಸಲು ಸಿದ್ಧನಿರಬೇಕು. ಆಮೇಲೆ ಹೊರರೋಗಿಗಳ ಸಾಲು, ಇಲ್ಲವೇ ಆಪರೇಷನ್ ಕೊಠಡಿ. ರಾತ್ರಿ ತುರ್ತು ವಿಭಾಗ: ಹಳೇ ಮದ್ರಾಸು ರಸ್ತೆಯಲ್ಲಿ ಲಾರಿಗೆ ಸಿಕ್ಕಿದವನು, ಹೊಟ್ಟೆಯೊಳಗೆ ಕರುಳು ತೂತಾದವನು. ಬೆಳಗಾಯಿತೆಂದರೆ ಮುಗಿಯಲಿಲ್ಲ, ಮತ್ತೆ ವಾರ್ಡು, ಮತ್ತೆ ಹೊರರೋಗಿಗಳು. ಹೀಗೆ 24 ಗಂಟೆ, 36 ಗಂಟೆ ಒಂದೇ ಸಮನೆ ಎದ್ದಿರುವುದುಂಟು.

ನಮ್ಮ ದಂಡು ಪ್ರದೇಶಕ್ಕೆ ಆಸ್ಪತ್ರೆಯ ಚರಿತ್ರೆ ಹೊಸದಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 1868ರಷ್ಟು ಹಿಂದಿನದು. ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. 2020ರಲ್ಲಿ ಕೋವಿಡ್ ಮಹಾಮಾರಿ ಬಂದಾಗ ಅದು ಕೋವಿಡ್ ಆಸ್ಪತ್ರೆಯಾಗಿ ನಿಂತದ್ದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ. ಆ ಕಾಲದಲ್ಲಿ ದೇಶದ ಉದ್ದಗಲಕ್ಕೂ ಶಸ್ತ್ರಚಿಕಿತ್ಸೆ ಕಲಿಯಬಂದ ಮಕ್ಕಳು ಕತ್ತರಿ ಕೆಳಗಿಟ್ಟು ಕೋವಿಡ್ ವಾರ್ಡಿನಲ್ಲಿ ನಿಂತರು. ಬಡವನಿಗೆ ಬಾಗಿಲು ತೆರೆದಿರುವ ಆಸ್ಪತ್ರೆಗಳೆಲ್ಲ ನಡೆಯುತ್ತಿರುವುದು ಬಹುಮಟ್ಟಿಗೆ ಈ ಮಕ್ಕಳ ರಟ್ಟೆಯ ಬಲದಿಂದ. ಆದ್ದರಿಂದ ಇದು ಅವರ ಮನೆಯ ಕಷ್ಟವೆಂದು ಸುಮ್ಮನಿರುವಂತಿಲ್ಲ. ನಮ್ಮೆಲ್ಲರ ಕಷ್ಟ ಇದು.

ಈಗ ಆ ಬಳಲಿಕೆಯ ಲಕ್ಷಣವನ್ನು ನೋಡೋಣ. ದೀಪದಲ್ಲಿ ಎಣ್ಣೆ ಇರುವವರೆಗೆ ಎಣ್ಣೆ ಉರಿಯುತ್ತದೆ, ಬತ್ತಿ ಉಳಿಯುತ್ತದೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯತೊಡಗುತ್ತದೆ. ಸ್ವಲ್ಪ ಹೊತ್ತು ಜ್ವಾಲೆ ದೊಡ್ಡದಾಗಿಯೂ ಕಾಣುತ್ತದೆ. ನೋಡಿದವರು 'ಆಹಾ, ಎಂಥ ಬೆಳಕು' ಎನ್ನುತ್ತಾರೆ. ಮರುಕ್ಷಣ ಹೊಗೆ. ಇದನ್ನೇ ಇಂಗ್ಲಿಷಿನವರು ಬರ್ನ್‌ಔಟ್ ಎನ್ನುತ್ತಾರೆ. 1974ರಲ್ಲಿ ಅಮೆರಿಕದ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ, ಬಡವರಿಗಾಗಿ ನಡೆಸುವ ಉಚಿತ ಚಿಕಿತ್ಸಾಲಯದ ಕಾರ್ಯಕರ್ತರಲ್ಲಿ ಇದನ್ನು ಕಂಡು ಬರೆದ. ಗಮನಿಸಿರಿ, ಸೋಮಾರಿಗಳಲ್ಲಿ ಕಂಡದ್ದಲ್ಲ. ಸೇವೆಗೆಂದು ತಾವಾಗಿ ಬಂದವರಲ್ಲಿ ಕಂಡದ್ದು. ಅನಂತರ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿ ಇದಕ್ಕೆ ಮೂರು ಗುರುತುಗಳನ್ನು ಹೇಳಿದರು. ಒಂದು, ಮನಸ್ಸು ಬರಿದಾಗುವುದು. ಎರಡು, ಎದುರಿಗಿರುವವನು ಮನುಷ್ಯನೆಂದೇ ತೋರದಿರುವುದು. ರೋಗಿಯ ಹೆಸರು ಹೋಗಿ 'ಹದಿನಾಲ್ಕನೇ ಮಂಚ' ಎಂದಾಗುವುದು. ಮೂರು, ನಾನು ಮಾಡಿದ್ದೆಲ್ಲ ವ್ಯರ್ಥ ಎಂದು ತೋರುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಹೆಸರಿಸಿತು. ಇದು ರೋಗವಲ್ಲ, ಕೆಲಸದ ಸ್ಥಳದಲ್ಲಿ ಬಹುಕಾಲ ನಿಭಾಯಿಸಲಾಗದೆ ಉಳಿದ ಒತ್ತಡದಿಂದ ಬರುವ ಸ್ಥಿತಿ ಎಂದು ಹೇಳಿತು.

ಆ ಎರಡನೆಯ ಗುರುತು ನಮ್ಮನ್ನು ಬಹಳವಾಗಿ ತಟ್ಟಿತು. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ಮದ್ದು ಅರೆಯುವ ಕೈಯೂ ಶರಣರ ಪಂಕ್ತಿಯಲ್ಲಿ ಸಮವಾಗಿ ಕುಳಿತಿತ್ತು. ರೋಗಿಯಲ್ಲಿ ಜಂಗಮನನ್ನು ಕಾಣುವುದು ವೈದ್ಯನ ಲಿಂಗಪೂಜೆ. ದಣಿವು ಅತಿಯಾದರೆ ಮೊದಲು ಬತ್ತುವುದು ಕೈಯ ಶಕ್ತಿಯಲ್ಲ, ಈ ಕಾಣುವ ಕಣ್ಣು. ಆಗ ಕಾಯಕ ಬರಿಯ ಕೂಲಿಯಾಗುತ್ತದೆ.

ಇನ್ನು ಪರಿಹಾರದ ಮಾತು. ಇಲ್ಲಿ ನಮ್ಮ ದಂಡಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳಬೇಕು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯ ಬೆಂಗಳೂರು ದಂಡಿಗೆ ಬಂದ. ವಾಸಕ್ಕೆ ಒಂದು ಬಂಗಲೆ ಸಿಕ್ಕಿತು, ಆದರೆ ವಿಪರೀತ ಸೊಳ್ಳೆ. ಹುಡುಕಿದಾಗ ಕಿಟಕಿಯ ಹೊರಗಿದ್ದ ಒಂದು ತೊಟ್ಟಿಯ ನೀರಿನಲ್ಲಿ ಹುಳುಗಳು ಕುಣಿಯುತ್ತಿದ್ದುವು. ತೊಟ್ಟಿಯನ್ನು ಮಗುಚಿಹಾಕಿದ, ಸೊಳ್ಳೆ ಹೋಯಿತು. ಊಟದ ಮನೆಯ ಸುತ್ತಲೂ ಹೀಗೆಯೇ ಮಾಡೋಣವೆಂದು ಅಲ್ಲಿನ ಸೇನಾಧಿಕಾರಿಗೆ ಹೇಳಿದ. ಆ ಅಧಿಕಾರಿ ನಕ್ಕುಬಿಟ್ಟ. ಸೊಳ್ಳೆಗಳನ್ನು ಸೃಷ್ಟಿಸಿದ್ದಕ್ಕೆ ಏನೋ ಉದ್ದೇಶವಿದ್ದೀತು, ಪ್ರಕೃತಿಯ ಕ್ರಮವನ್ನು ಕೆಡಿಸಬಾರದು, ಅವನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬರ್ಥದಲ್ಲಿ ಉತ್ತರ ಕೊಟ್ಟನಂತೆ. ರಾಸ್ ತನ್ನ ನೆನಪುಗಳಲ್ಲಿ ಇದನ್ನು ಬರೆದಿದ್ದಾನೆ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿಯನ್ನು ಕಂಡು, 1902ರಲ್ಲಿ ನೊಬೆಲ್ ಬಹುಮಾನ ಪಡೆದ.

ಶರಣರೇ, ಅಂದು ಮಠದಲ್ಲಿ ಆ ಹುಡುಗನ ಮುಂದೆ ಕುಳಿತಿದ್ದ ನಾವು ಆ ಸೇನಾಧಿಕಾರಿಯೇ ಆಗಿದ್ದೆವು. ಸಹಿಸಿಕೋ, ಅದೇ ಕರ್ತವ್ಯ ಎಂದೆವು. ತೊಟ್ಟಿ ಎಲ್ಲಿದೆ ಎಂದು ನೋಡಲಿಲ್ಲ. ಮನಸ್ಸಿನ ಗಟ್ಟಿತನ ಬೇಕು, ಬೇಡವೆಂದು ನಾವು ಹೇಳುವುದಿಲ್ಲ. ಸೊಳ್ಳೆಪರದೆಯೂ ಬೇಕಲ್ಲವೇ? ಆದರೆ ಪರದೆಯೊಂದನ್ನೇ ಹಂಚುತ್ತ, ನಿಂತ ನೀರನ್ನು ಹಾಗೆಯೇ ಬಿಡುವುದು ಬುದ್ಧಿವಂತಿಕೆಯಲ್ಲ.

ಹಾಗಾದರೆ ತೊಟ್ಟಿಗಳು ಯಾವುವು? ಮೊದಲನೆಯದು ನಿದ್ರೆಯ ಅಭಾವ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು: 17 ಗಂಟೆ ಎದ್ದಿರುವವನ ಕೈ ಮತ್ತು ಬುದ್ಧಿ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವನ ಹಾಗೆ ಕೆಲಸ ಮಾಡುತ್ತವೆ. 24 ಗಂಟೆಯಾದರೆ 100 ಮಿಲಿಗ್ರಾಂ ಆದಂತೆ. ನಮ್ಮ ದೇಶದ ಮೋಟಾರು ಕಾನೂನು 30 ಮಿಲಿಗ್ರಾಂ ದಾಟಿದವನಿಗೆ ಗಾಡಿ ಓಡಿಸಬೇಡ ಎನ್ನುತ್ತದೆ. ಇಂದಿರಾನಗರದ ರಸ್ತೆಯಲ್ಲಿ ಶನಿವಾರ ರಾತ್ರಿ ಪೊಲೀಸರು ಕೊಳವೆ ಊದಿಸುತ್ತಾರೆ. ಮದ್ಯ ಮುಟ್ಟದ ಈ ಮಗುವನ್ನು ನಾವು ನಿದ್ರೆಗೆಡಿಸಿ ಅದೇ ಸ್ಥಿತಿಗೆ ತಂದು, ಅವನ ಕೈಗೆ ಶಸ್ತ್ರ ಕೊಡುತ್ತೇವೆ; ಅದರ ಕೆಳಗೆ ನಮ್ಮದೇ ತಾಯಿಯನ್ನು ಮಲಗಿಸುತ್ತೇವೆ.

ಹಿರಿಯ ವೈದ್ಯರು 'ನಾವೂ ಹೀಗೆಯೇ ಕಲಿತವರು' ಎನ್ನುತ್ತಾರೆ. ಅದು ನಿಜ. ಈ ಪದ್ಧತಿಗೆ ಅಡಿಪಾಯ ಹಾಕಿದವನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹಾಲ್‌ಸ್ಟೆಡ್. ಆಸ್ಪತ್ರೆ 1889ರಲ್ಲಿ ತೆರೆಯಿತು. ಅಲ್ಲಿ ಕಲಿಯುವವನು ಅಲ್ಲಿಯೇ ವಾಸ ಮಾಡಬೇಕಾಗಿತ್ತು, ಅದಕ್ಕೇ ರೆಸಿಡೆಂಟ್ ಎಂಬ ಹೆಸರು. ಹಾಲ್‌ಸ್ಟೆಡ್ ಮಹಾ ಶಸ್ತ್ರವೈದ್ಯ, ಸಂಶಯವಿಲ್ಲ. ಆದರೆ ಆತ ನೋವು ಮರೆಸುವ ಔಷಧವಾಗಿ ಕೊಕೇನನ್ನು ತನ್ನ ಮೇಲೆಯೇ ಪ್ರಯೋಗಿಸಲು ಹೋಗಿ ಅದರ ದಾಸನಾದ, ಅನಂತರ ಮಾರ್ಫಿನ್‌ಗೆ ದಾಸನಾದ. ಅಂಥ ಬುದ್ಧಿಶಾಲಿಯನ್ನೂ ದೇಹ ಬಿಡಲಿಲ್ಲ. ಗುರುವಿನ ವಿದ್ಯೆಯನ್ನು ಪಡೆಯೋಣ. ಗುರುವಿನ ಗಾಯವನ್ನು ಪರಂಪರೆಯೆಂದು ಹೊರುವುದು ಬೇಡ.

ನಿಯಮಗಳು ಇಲ್ಲವೆಂದಲ್ಲ. 1992ರಲ್ಲಿಯೇ ಕೇಂದ್ರ ಸರ್ಕಾರ, ಇಂಥ ವೈದ್ಯರ ಕೆಲಸ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರಬಾರದೆಂದು ಸೂಚಿಸಿತು. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನದ ಸಾಂದರ್ಭಿಕ ರಜೆ ಹೇಳಿತು. ಕೆಲಸದ ಹೊತ್ತು ಮಾತ್ರ 'ಸಮಂಜಸವಾಗಿರಲಿ' ಎಂದು ಬಿಟ್ಟಿತು. ಯಾರ ಸಮಂಜಸ? 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಆ ಕಾರ್ಯಪಡೆ ದೇಶದಾದ್ಯಂತ ಮಕ್ಕಳನ್ನು ಕೇಳಿತ್ತು. ಉತ್ತರ ಕೊಟ್ಟ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ವಾರದ ರಜೆ ಸರಿಯಾಗಿ ಸಿಗುವುದಿಲ್ಲ ಎಂದರು. ನೂರಕ್ಕೆ ಸುಮಾರು 31 ಮಂದಿ ಜೀವ ಬೇಡವೆನ್ನುವ ಆಲೋಚನೆ ತಮಗೆ ಬಂದಿತ್ತೆಂದು ಬರೆದರು. ಮೂವರಲ್ಲಿ ಒಬ್ಬರು ಎಂದು ಲೆಕ್ಕ ಹಾಕಿರಿ. ಕೆರೆಯ ಪಕ್ಕದಲ್ಲಿ ಕುಳಿತಿದ್ದ ನಮ್ಮ ಹುಡುಗ ಒಂಟಿಯಲ್ಲ.

ಎರಡನೆಯ ತೊಟ್ಟಿ ಅವಮಾನ. ಗಂಟೆಗಳನ್ನು ಕಡಿಮೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ, ಸತ್ಯವನ್ನೇ ಹೇಳಬೇಕು. ಅಮೆರಿಕದಲ್ಲಿ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ತಂದರು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ, ಆ ಮಿತಿಯೊಳಗೇ ಒಂದೊಂದು ಪಾಳಿಯ ಉದ್ದವನ್ನು ಸಡಿಲಿಸಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಹೆಚ್ಚಿನ ಕೇಡಾಗಲಿಲ್ಲ ಎಂದು ಕಂಡಿತು. ನಡುರಾತ್ರಿ ಪಾಳಿ ಬದಲಾದಾಗ ರೋಗಿಯ ವಿವರ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗ ಸೋರಿಹೋಗುವುದೂ ಉಂಟಷ್ಟೆ. ಅಲ್ಲಿಯೇ 7,409 ಶಸ್ತ್ರವೈದ್ಯ ವಿದ್ಯಾರ್ಥಿಗಳನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ಇನ್ನೊಂದು ಸಂಗತಿ ಬೆಳಕಿಗೆ ಬಂತು. ನೂರಕ್ಕೆ 38ಕ್ಕೂ ಹೆಚ್ಚು ಮಂದಿಗೆ ವಾರಕ್ಕೊಮ್ಮೆಯಾದರೂ ಈ ಬಳಲಿಕೆಯ ಲಕ್ಷಣವಿತ್ತು. ಬೈಗುಳ, ಭೇದಭಾವ, ಹೆಣ್ಣುಮಕ್ಕಳಿಗೆ ಕಿರುಕುಳ ಇವನ್ನು ಪದೇ ಪದೇ ಅನುಭವಿಸಿದವರಲ್ಲಿ ಅದು ಬಹಳ ಹೆಚ್ಚಾಗಿತ್ತು. ದುಡಿಮೆ ಮೈಯನ್ನು ದಣಿಸುತ್ತದೆ. ರೋಗಿಯ ಮುಂದೆ, ನರ್ಸಮ್ಮನ ಮುಂದೆ, ಕಿರಿಯರ ಮುಂದೆ 'ದಡ್ಡ' ಎನಿಸಿಕೊಂಡ ಮಾತು ಒಳಗನ್ನು ಸುಡುತ್ತದೆ.

ಮೂರನೆಯ ತೊಟ್ಟಿ ಕಲಿಕೆಯಲ್ಲದ ಕೆಲಸ. ರಕ್ತದ ಸೀಸೆ ಹಿಡಿದು ಪ್ರಯೋಗಾಲಯಕ್ಕೆ ಓಡುವುದು, ವರದಿ ಹುಡುಕುವುದು, ಕಾಗದ ತುಂಬುವುದು, ಆಳು ಸಿಗದಾಗ ತಾವೇ ರೋಗಿಯ ಗಾಡಿ ನೂಕುವುದು. ಯಾವ ಕೆಲಸವೂ ಕೀಳಲ್ಲ. ಆದರೆ ಅದನ್ನು ಮಾಡಲು ಒಬ್ಬರನ್ನು ನೇಮಿಸಿದರೆ ಅವರಿಗೂ ಕಾಯಕ ಸಿಗುತ್ತದೆ, ಈ ಮಗುವಿಗೆ ಎರಡು ಗಂಟೆ ನಿದ್ರೆ ಸಿಗುತ್ತದೆ.

ಈಗ ಶರಣರ ಕಡೆಗೆ ಬರೋಣ. ಅಂದು ನಾವು ನುಲಿಯ ಚಂದಯ್ಯನವರ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೆವು. ಅದರ ಉತ್ತರಾರ್ಧ ಏನು? ಬೆನ್ನು ಹತ್ತಿ ಬಂದ ಲಿಂಗಕ್ಕೆ ಚಂದಯ್ಯನವರು ಒಂದು ಕರಾರು ಹಾಕಿದರು. ಸುಮ್ಮನೆ ಪೂಜೆ ಮಾಡಿಸಿಕೊಂಡು ಕೂರುವಂತಿಲ್ಲ, ನಾನು ಹೊಸೆದ ಹಗ್ಗವನ್ನು ನೀನು ಹೊತ್ತು ಮಾರಿಕೊಂಡು ಬರಬೇಕು ಎಂದರು. ಲಿಂಗ ಒಪ್ಪಿ ಹಗ್ಗ ಹೊತ್ತಿತು. ಅಂದರೆ ಪೂಜೆ ಪಡೆಯುವವನೂ ದುಡಿಮೆಯಲ್ಲಿ ಪಾಲು ಹೊರಬೇಕು! ಒಬ್ಬನೇ ಸಾಯುವಷ್ಟು ದುಡಿ ಎಂದು ಆ ಕಥೆ ಹೇಳುವುದೇ ಇಲ್ಲ. ನಾವು ಅರ್ಧ ಕಥೆ ಹೇಳಿ ಇಡೀ ಭಾರವನ್ನು ಮಗುವಿನ ತಲೆಗೆ ಕಟ್ಟಿದ್ದೆವು.

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಮ್ಮೆ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಹೊತ್ತಾಯಿತು, ಕಾಯಕಕ್ಕೆ ಏಳು ಎಂದವಳು ಲಕ್ಕಮ್ಮ. ಅವಸರದಿಂದ ಹೋದ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಅಳತೆಗಿಂತ ಹೆಚ್ಚು, ಒಯ್ದು ಅಲ್ಲಿಯೇ ಸುರಿದು ಬಾ ಎಂದವಳೂ ಅದೇ ಲಕ್ಕಮ್ಮ. ನೋಡಿ, ಕಾಯಕಕ್ಕೆ ಎರಡು ಕಡೆಯೂ ಬದುವಿದೆ. ಕಡಿಮೆ ಮಾಡಿದರೆ ಮೈಗಳ್ಳತನ, ಅಳತೆ ಮೀರಿದರೆ ಆಸೆ. ಕಾಯಕದಲ್ಲಿ ಕೈಲಾಸ ಕಂಡ ಆ ದಂಪತಿಗಳಿಗೇ ಅಳತೆ ಬೇಕಾಗಿದ್ದರೆ, 27 ವರ್ಷದ ಹುಡುಗನಿಗೆ ಬೇಡವೇ? ಅವನಲ್ಲಿ ಆಸೆಯಿಲ್ಲ ಎನ್ನಬಹುದು. ನಿಜ, ಇಲ್ಲಿ ಆಸೆ ನಮ್ಮದು. ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆಯುವ ಆಸೆ, ಮಗ ದೊಡ್ಡ ಸರ್ಜನ್ ಆದನೆಂದು ಹೇಳಿಕೊಳ್ಳುವ ಆಸೆ.

ಇನ್ನು ಒಬ್ಬೊಬ್ಬರಿಗೆ ಒಂದೊಂದು ಮಾತು.

ವಿದ್ಯಾರ್ಥಿಗಳೇ, ದಣಿವನ್ನು ಹೇಳಿಕೊಳ್ಳುವುದು ಭಕ್ತಿಯ ಕೊರತೆಯಲ್ಲ. ರೋಗಿ ತನ್ನ ನೋವನ್ನು ಮುಚ್ಚಿಟ್ಟರೆ ನೀವೇ ಗದರಿಸುತ್ತೀರಿ. ನಿಮ್ಮ ನೋವನ್ನೇಕೆ ಮುಚ್ಚಿಡುತ್ತೀರಿ? ಸಿಕ್ಕ ಅರ್ಧ ಗಂಟೆಯಲ್ಲಿ ಮೊಬೈಲು ನೋಡುವ ಬದಲು ಮಲಗಿರಿ. ಊಟ ತಪ್ಪಿಸಬೇಡಿ. ರಾತ್ರಿ ಪಾಳಿ ಮುಗಿದ ಮೇಲೆ ಗಾಡಿ ಓಡಿಸಬೇಡಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಹೋಗಿರಿ. ಕರದಲ್ಲಿ ಲಿಂಗವನ್ನಿಟ್ಟುಕೊಂಡು ಐದು ನಿಮಿಷ ದೃಷ್ಟಿ ನಿಲ್ಲಿಸಿದರೆ ಮನಸ್ಸು ನೆಲೆಗೆ ಬರುತ್ತದೆ, ಅದನ್ನು ಬಿಡಬೇಡಿ. ಆದರೆ ಪೂಜೆ ನಿದ್ರೆಗೆ ಬದಲಲ್ಲ. ಮನೋವೈದ್ಯರ ಚಿಕಿತ್ಸೆಗೂ ಬದಲಲ್ಲ. ಬದುಕು ಬೇಡವೆನಿಸಿದ ರಾತ್ರಿ ಒಬ್ಬರೇ ಕೂರಬೇಡಿ. 2022ರಿಂದ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಿರಿ, ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಅದರ ಬೆನ್ನಿಗಿದೆ. ಮಠದ ಬಾಗಿಲೂ ಆ ಹೊತ್ತಿನಲ್ಲಿ ತೆರೆದೇ ಇರುತ್ತದೆ. ಜೊತೆಯವನು ಮಾತು ಬಿಟ್ಟಿದ್ದಾನೆ, ಮುಖ ತಪ್ಪಿಸುತ್ತಿದ್ದಾನೆ ಎಂದರೆ ಆ ಶಿವಾಜಿನಗರದ ಹುಡುಗನ ಹಾಗೆ ಹುಡುಕಿಕೊಂಡು ಹೋಗಿರಿ. ಆದರೆ ಅವನ ಪಾಳಿಯನ್ನೂ ಹೊತ್ತು ನೀವೇ ಬೀಳಬೇಡಿ, ಮೇಲಿನವರಿಗೆ ತಿಳಿಸಿರಿ.

ಹಿರಿಯ ವೈದ್ಯರೇ, ತಾವು ಗುರುಗಳು. ಸುಶ್ರುತನ ಶಿಷ್ಯರು ಮೊದಲು ಕುಂಬಳಕಾಯಿ, ಸೋರೆಕಾಯಿಗಳ ಮೇಲೆ ಶಸ್ತ್ರ ಹಿಡಿಯುವುದನ್ನು ಕಲಿಯುತ್ತಿದ್ದರು. ಏಕೆಂದರೆ ಕಲಿಯುವವನು ತಪ್ಪುತ್ತಾನೆ, ತಪ್ಪಲು ಅವನಿಗೊಂದು ಜಾಗ ಬೇಕು ಎಂಬುದು ಅಂದಿನ ಗುರುವಿಗೆ ಗೊತ್ತಿತ್ತು. ರೋಗಿ ತೀರಿಕೊಂಡಾಗ ನಿಮ್ಮಲ್ಲಿ ಸಭೆ ಸೇರಿ, ಎಲ್ಲಿ ತಪ್ಪಿತೆಂದು ವಿಚಾರ ಮಾಡುವ ರೂಢಿಯುಂಟು. ಆ ಸಭೆ ಅನುಭವ ಮಂಟಪವಾಗಲಿ, ಕಟಕಟೆಯಾಗುವುದು ಬೇಡ. ಮಂಟಪದಲ್ಲಿ ಪ್ರಶ್ನೆಗಳು ಹರಿತವಾಗಿದ್ದುವು, ಆದರೆ ಕಿರಿಯನೂ ತಲೆಯೆತ್ತಿ ಉತ್ತರ ಹೇಳುತ್ತಿದ್ದ. ಮೊದಲ ಬಾರಿಗೆ ತನ್ನ ಕೈಯಲ್ಲಿ ಒಂದು ಜೀವ ಹೋದ ರಾತ್ರಿ ಆ ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ನನಗೂ ಹೀಗಾಗಿತ್ತು ಎಂದು ತಾವು ಹೇಳುವ ಒಂದು ಮಾತಿನ ತೂಕ ಯಾವ ಸ್ವಾಮಿಗಳ ಪ್ರವಚನಕ್ಕೂ ಇಲ್ಲ.

ತಂದೆತಾಯಿಗಳೇ, ಮಗ ಫೋನಿನಲ್ಲಿ 'ಸುಸ್ತು' ಎಂದಾಗ 'ಇಷ್ಟು ಖರ್ಚು ಮಾಡಿದ್ದೇವೆ' ಎಂದು ಲೆಕ್ಕ ಒಪ್ಪಿಸಬೇಡಿ. 'ಊಟ ಆಯಿತಾ? ಎಷ್ಟು ಹೊತ್ತು ಮಲಗಿದೆ?' ಎಂದು ಕೇಳಿ. ಒಂದು ವರ್ಷ ತಡವಾದರೂ ಮಗ ಉಳಿಯುತ್ತಾನೆ.

ಭಕ್ತರೇ, ನೀವೇ ರೋಗಿಯ ಕಡೆಯವರಾಗಿ ಆಸ್ಪತ್ರೆಯಲ್ಲಿ ನಿಲ್ಲುವ ದಿನ ಬರುತ್ತದೆ. ಆಗ ನಿಮ್ಮ ಕೋಪಕ್ಕೆ ಮೊದಲು ಸಿಗುವವನು ಈ ಹುಡುಗ. ಅವನ ಮೇಲೆ ಕೈ ಎತ್ತಬೇಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2009ರ ಕಾನೂನಿದೆ. ಕಾನೂನಿಗೆ ಹೆದರಿ ಸುಮ್ಮನಿರುವುದಕ್ಕಿಂತ, ಅವನೂ ಒಬ್ಬ ತಾಯಿಯ ಮಗ ಎಂದು ಸುಮ್ಮನಿರುವುದು ಲೇಸು. ಸರ್ಕಾರವನ್ನು ಕೇಳುವ ಶಕ್ತಿಯುಳ್ಳವರು ಈ ಸಭೆಯಲ್ಲಿ ಇದ್ದೀರಿ. ಹಾಸಿಗೆಗಳ ಸಂಖ್ಯೆಯ ಜೊತೆಗೆ ವೈದ್ಯರ ಸಂಖ್ಯೆಯನ್ನೂ, ಅವರು ಮಲಗಲು ಬಾಗಿಲು ಭದ್ರವಾದ ಒಂದು ಕೋಣೆಯನ್ನೂ ಕೇಳಿರಿ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ಕರ್ತವ್ಯದ ನಡುವೆ ಸೆಮಿನಾರ್ ಕೋಣೆಯಲ್ಲಿ ವಿಶ್ರಮಿಸಿದ್ದ ತರುಣಿ ವೈದ್ಯೆಗೆ ಒದಗಿದ ಘೋರವನ್ನು ದೇಶ ಮರೆಯಬಾರದು.

ಮಠವೂ ತನ್ನ ಪಾಲನ್ನು ಹೊರಬೇಕಷ್ಟೆ. ಲಿಂಗವೇ ಹಗ್ಗ ಹೊತ್ತ ಮೇಲೆ ನಾವು ಕೂರುವಂತಿಲ್ಲ. ದಾಸೋಹವೆಂದರೆ ಮಠದ ಪಂಕ್ತಿಯಲ್ಲಿ ಬಡಿಸುವುದು ಮಾತ್ರವಲ್ಲ. ಈ ಭಾಗದ ಭಕ್ತರು ಸರದಿಯಂತೆ ರಾತ್ರಿ ಪಾಳಿಯ ಮಕ್ಕಳಿಗೆ ಬಿಸಿ ಊಟ ಒದಗಿಸುವುದೆಂದೂ, ಇಲ್ಲಿ ನಮ್ಮ ವಿದ್ಯಾರ್ಥಿ ನಿಲಯದ ಒಂದು ಕೋಣೆಯನ್ನು ಯಾವ ಜಾತಿ ಮತದ ವೈದ್ಯ ವಿದ್ಯಾರ್ಥಿ ಬಂದರೂ ಏನೂ ಕೇಳದೆ ಮಲಗಲು ಬಿಡುವುದೆಂದೂ ನಿಶ್ಚಯಿಸಿದ್ದೇವೆ. ಅಲ್ಲಿ ಉಪದೇಶದ ಹಲಗೆ ಇರುವುದಿಲ್ಲ. ಎರಡು ಮಂಚ, ಶುಭ್ರ ಹೊದಿಕೆ, ಕುಡಿಯುವ ನೀರು ಇರುತ್ತದೆ.

ಕಡೆಯದಾಗಿ ಆ ಹುಡುಗನ ಸಮಾಚಾರ. ಪ್ರಾಧ್ಯಾಪಕರು ಅವನಿಗೆ ರಜೆ ಕೊಟ್ಟರು, ಮನೋವೈದ್ಯರಲ್ಲಿ ಚಿಕಿತ್ಸೆಯಾಯಿತು. ಒಂದು ವರ್ಷ ತಡವಾಗಿ ಎಂ.ಎಸ್. ಮುಗಿಸಿದ. ಈಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ. ಹೋದ ವರ್ಷ ನಮ್ಮನ್ನು ಕಾಣಲು ಬಂದಿದ್ದ. 'ನಿನ್ನ ಕೈಕೆಳಗೆ ಈಗ ಎಷ್ಟು ಮಂದಿ ಕಿರಿಯ ವೈದ್ಯರಿದ್ದಾರೆ ತಮ್ಮಾ?' ಎಂದು ಕೇಳಿದೆವು. 'ಇಬ್ಬರು ಬುದ್ಧಿ. ರಾತ್ರಿ ಪಾಳಿ ಮಾಡಿದವರನ್ನು ಬೆಳಗ್ಗೆ ಮನೆಗೆ ಕಳಿಸ್ತೀನಿ' ಎಂದ. ಅಂದು ನಾವು ಹೇಳಬೇಕಾಗಿದ್ದ ಧರ್ಮ ಅವನ ಆ ಒಂದು ಮಾತಿನಲ್ಲಿತ್ತು.

ದೀಪಕ್ಕೆ ಎಣ್ಣೆ ಹಾಕುವ ಕೈಗಳು ನಮ್ಮವಾಗಲಿ. ಬತ್ತಿ ಉರಿಯದಿರಲಿ. ಗುರು ಬಸವಾದಿ ಶರಣರು ಈ ಮಕ್ಕಳ ಕೈಗೆ ಬಲವನ್ನೂ, ಕಣ್ಣಿಗೆ ದಯೆಯನ್ನೂ, ರಾತ್ರಿಗೆ ನಿದ್ರೆಯನ್ನೂ ಕರುಣಿಸಲಿ. ಪ್ರಸಾದ ಸಿದ್ಧವಾಗಿದೆ. ಮುಂದಿನ ಸಾಲಿನ ಮಕ್ಕಳನ್ನು ಈಗ ಮೆಲ್ಲಗೆ ಎಬ್ಬಿಸಿ, ಮೊದಲು ಅವರಿಗೆ ಬಡಿಸಿರಿ.